ಆರನೆಯ ತಂಡಕ್ಕೆ ಜಾಗ

ಬಣ್ಣದ ಸೀಮೆಸುಣ್ಣದ ಹೊಸ ಡಬ್ಬಿ ತೆರೆದರೆ ಒಂದು ವಾಸನೆ ಬರುತ್ತದೆ. ನಿಮಗೂ ಗೊತ್ತಿರಬೇಕು, ಈಗಷ್ಟೇ ಸುಣ್ಣ ಬಳಿದ ಗೋಡೆಗೆ ಮೂಗಿಟ್ಟ ಹಾಗೆ. ನಾನು ಗಣಿತ ಕಲಿಸುವ ಸಿಂಧನೂರಿನ ಕಾಲೇಜಿನಲ್ಲಿ ಮೊನ್ನೆ ಗ್ರಾಫ್ ಸಿದ್ಧಾಂತದ ಪಾಠಕ್ಕೆಂದು ಅಂಥದೊಂದು ಡಬ್ಬಿ ತೆರೆದೆ. ಮನಸ್ಸು ತರಗತಿ ಬಿಟ್ಟು ಗುರುಗುಂಟಾದ ನಮ್ಮ ಅಂಗಳಕ್ಕೆ ಹೋಗಿ ಕುಳಿತಿತು.

ನಾನು ನಮ್ಮ ಮನೆತನದ ಮೊದಲ ಪದವೀಧರ. ಇದನ್ನು ಕೇಳದವರಿಗೂ ಹೇಳುತ್ತೇನೆ. ಅಪ್ಪ ಕುರಿ ಕಾಯುತ್ತಿದ್ದ, ಅವ್ವ ಕೂಲಿಗೆ ಹೋಗುತ್ತಿದ್ದಳು. ಎಂ.ಎಸ್ಸಿ. ಓದುವಾಗ ರಜೆಗೆ ಬಂದರೆ ನಾನು ಅಂಗಳದಲ್ಲಿ ಚುಕ್ಕಿಯಿಟ್ಟು, ಚುಕ್ಕಿಯಿಂದ ಚುಕ್ಕಿಗೆ ಬಣ್ಣದ ಗೆರೆ ಎಳೆಯುತ್ತ ಕೂರುತ್ತಿದ್ದೆ. ನಿಯಮ ಒಂದೇ: ಒಂದು ಚುಕ್ಕಿಯಲ್ಲಿ ಕೂಡುವ ಯಾವ ಎರಡು ಗೆರೆಗೂ ಒಂದೇ ಬಣ್ಣ ಇರಬಾರದು. ಹಾಗೆ ಹಚ್ಚಲು ಕಡಿಮೆಯೆಂದರೆ ಎಷ್ಟು ಬಣ್ಣ ಬೇಕೋ ಅದೇ ಕ್ರೊಮ್ಯಾಟಿಕ್ ಇಂಡೆಕ್ಸ್.

“ಇಷ್ಟು ವರ್ಷ ಓದಿ ರಂಗೋಲಿ ಹಾಕಾಕ ಕಲ್ತಿಯೇನಪಾ?” ಎಂದಳು ಅವ್ವ.

“ಅದೂ ಸೊಟ್ಟ ಬಂದೈತಿ ಬೇ,” ಎಂದಳು ತಂಗಿ ರೇಣುಕಾ.

ರೇಣುಕಾಳದೊಂದು ಕಬಡ್ಡಿ ತಂಡವಿತ್ತು. ಹಗಲು ಹತ್ತಿ ಬಿಡಿಸುವ ಕೂಲಿ, ಸಂಜೆ ಹೊಲದಲ್ಲೇ ಆಟ. ಬರುವ ವರ್ಷದ ಹೊತ್ತಿಗೆ ಇಬ್ಬರು ಹುಡುಗಿಯರ ಲಗ್ನ ಆಗುವುದಿತ್ತು. ಆಡಿದರೆ ಈ ವರ್ಷವೇ. ಮಸ್ಕಿಯಲ್ಲಿ ಹುಡುಗಿಯರ ಪಂದ್ಯಾವಳಿ ಎಂದು ತಿಳಿಯಿತು. ಆದರೆ ಒಬ್ಬಳ ಅಪ್ಪನನ್ನು ಒಪ್ಪಿಸುವುದರಲ್ಲಿ ಹೆಸರು ಕೊಡುವ ದಿನ ದಾಟಿಹೋಯಿತು. ಆದರೂ ಕೇಳಿ ನೋಡೋಣವೆಂದು ರೇಣುಕಾ, ಅಪ್ಪ, ನಾನು ಮಸ್ಕಿಗೆ ಹೋದೆವು. ಪಂದ್ಯಾವಳಿ ನಡೆಸುತ್ತಿದ್ದವರು ಶಂಕ್ರಪ್ಪ ಮಾಸ್ತರರು. ಎಲ್ಲರೂ ಎಲ್ಲರ ಜೊತೆ ಆಡಬೇಕು, ಆದರೆ ಕೂಲಿ ಮುಗಿಸಿ ಬರುವ ಹುಡುಗಿಯರಾದ್ದರಿಂದ ಒಂದು ತಂಡಕ್ಕೆ ದಿನಕ್ಕೆ ಒಂದೇ ಆಟ. ಇದು ಅವರ ಕಟ್ಟಳೆ.

“ಐದು ತಂಡಕ್ಕ ಐದು ದಿನ ಹಿಡಿದೈತವ್ವ. ನೀವು ಸೇರಿದ್ರ ಆರು ದಿನ. ಆರನೇ ದಿನ ಆ ಮೈದಾನದಾಗ ಲಗ್ನದ ಪೆಂಡಾಲ್ ಬೀಳ್ತೈತಿ. ನಾ ಏನ್ ಮಾಡ್ಲಿ?”

ರೇಣುಕಾ ನನ್ನ ಮುಖ ನೋಡಿದಳು. ಅಪ್ಪನೂ ನೋಡಿದ. ಮಗ ಓದುವುದೇನೆಂದು ನೆಂಟರು ಕೇಳಿದಾಗಲೆಲ್ಲ “ಏನೋ ದೊಡ್ಡದು ಐತಿ” ಎಂದು ತೇಲಿಸುತ್ತಿದ್ದ ಅಪ್ಪ. ಕಡ್ಡಿ ತೆಗೆದುಕೊಂಡು ಮಣ್ಣಿನಲ್ಲಿ ಐದು ಚುಕ್ಕಿಯಿಟ್ಟೆ. ತಂಡವೆಂದರೆ ಚುಕ್ಕಿ, ಆಟವೆಂದರೆ ಗೆರೆ, ದಿನವೆಂದರೆ ಬಣ್ಣ.

“ಸರ, ಐದು ತಂಡದಾಗ ದಿನಾ ಒಂದು ತಂಡ ಜೋಡಿ ಇಲ್ದ ಸುಮ್ನ ಕುಂದರ್ತೈತಿ. ಹೌದಲ್ರಿ?”

“ಕುಂದರ್ಲಿ. ಅದಕ್ಕೇನೀಗ?”

“ಒಂದೊಂದು ದಿನ ಒಂದೊಂದು ತಂಡದ ಪಾಳಿ. ನಮ್ಮ ಹುಡುಗ್ಯಾರು ಆ ಕುಂತವರ ಕೂಡ ಆಡ್ತಾರ. ಐದು ದಿನದಾಗ ಐದೂ ತಂಡದ ಕೂಡ ಆಡಿದಂಗಾತು. ದಿನಕ್ಕ ಒಂದು ಆಟ ಹೆಚ್ಚು, ಅಷ್ಟ. ತುಸು ಮೊದ್ಲ ಶುರು ಮಾಡ್ರಿ.”

ಮಾಸ್ತರರು ಬೆರಳು ಮಡಚಿ ಎಣಿಸಿದರು, ಬಿಚ್ಚಿ ಮತ್ತೆ ಎಣಿಸಿದರು.

“ಬರೋಬ್ಬರಿ ಐತಲ್ಲೋ. ಎಲ್ಲಿ ಕಲ್ತಿ ಇದನ್ನ?”

ನಾನು ವಿಶ್ವವಿದ್ಯಾಲಯದ ಹೆಸರು ಹೇಳಲು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ರೇಣುಕಾ ಹೇಳಿಬಿಟ್ಟಳು: “ಅಂಗಳದಾಗ್ರಿ. ರಂಗೋಲಿ ಹಾಕಿ.”

ಮಾಸ್ತರರು ನಕ್ಕು ನಮ್ಮ ತಂಡದ ಹೆಸರು ಬರೆದುಕೊಂಡರು. ನಮ್ಮ ಹುಡುಗಿಯರು ಗೆದ್ದದ್ದು ಒಂದೇ ಆಟ. ಆದರೆ ಕೊನೆಯ ದಿನ ಊರಿಗೆ ಬರುವಾಗ ಬಸ್ಸಿನಲ್ಲಿ ಕೂಗಿ ಕೂಗಿ ಯಾರಿಗೂ ದನಿ ಉಳಿದಿರಲಿಲ್ಲ. ಅಪ್ಪ ಕಂಡಕ್ಟರಿಗೆ, “ಇವ ಜೋಡಿ ಹಚ್ಚೋ ಲೆಕ್ಕ ಓದ್ಯಾನ್ರಿ,” ಎಂದ. ನನ್ನ ಓದಿಗೆ ಅಪ್ಪ ಇಟ್ಟ ಮೊದಲ ಹೆಸರು ಅದು.

ಮೊನ್ನೆ ಈ ಕಥೆಯನ್ನೇ ತರಗತಿಯಲ್ಲಿ ಹೇಳಿದೆ, ಸ್ವಲ್ಪ ಎದೆಯುಬ್ಬಿಸಿಯೇ ಹೇಳಿದೆ. ಮುಕ್ಕುಂದದಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತಳು.

“ಸರ, ಏಳನೇ ತಂಡ ಬಂದಿದ್ರ?”

ಬೋರ್ಡಿನ ಕಡೆ ತಿರುಗಿ ಏಳು ಚುಕ್ಕಿಯಿಟ್ಟೆ. ಏಳೂ ಬೆಸ ಸಂಖ್ಯೆ, ದಿನಾ ಒಂದು ತಂಡ ಜೋಡಿಯಿಲ್ಲದೆ ಕೂರಲೇಬೇಕು; ಹಾಗಾಗಿ ಏಳಕ್ಕೆ ಏಳು ಬಣ್ಣ ಬೇಕು. ಎಷ್ಟು ತಿಣುಕಿದರೂ ಆರಕ್ಕೆ ಇಳಿಯುವುದಿಲ್ಲ. ಐದು ದಿನದ ಮಾತಂತೂ ಇಲ್ಲವೇ ಇಲ್ಲ. ಅಂದು ಮಸ್ಕಿಯಲ್ಲಿ ನಮ್ಮ ಪಕ್ಕ ಇನ್ನೊಂದು ಊರಿನ ಹುಡುಗಿಯರು ಬಂದು ನಿಂತಿದ್ದರೆ ನನ್ನ ಓದೆಲ್ಲ ಬಾಯಿ ಮುಚ್ಚಿಕೊಂಡು ಊರಿಗೆ ಮರಳಬೇಕಿತ್ತು. ಇಷ್ಟು ವರ್ಷ ಜಾಣತನ ಎಂದುಕೊಂಡಿದ್ದರಲ್ಲಿ ಅರ್ಧ ಪುಣ್ಯವೇ ಇತ್ತು.

“ಬರಲಿಲ್ಲವಲ್ಲವ್ವ,” ಎಂದೆ. ಇಡೀ ತರಗತಿ ನಕ್ಕಿತು. ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕವನು ನಾನು.