ನಿಲ್ಲಿಸಬೇಕಾದ ಜಾಗ

ಮೇದೋಜ್ಜೀರಕ ಗ್ರಂಥಿ ಹೊಟ್ಟೆಯ ತೀರ ಹಿಂಬದಿಯಲ್ಲಿ, ದೊಡ್ಡ ರಕ್ತನಾಳಗಳಿಗೆ ಒರಗಿಕೊಂಡಿರುವ ಅಂಗ. ಅದರ ಗಡ್ಡೆಯನ್ನು ಹೊಟ್ಟೆ ಕೊಯ್ಯದೆ, ಸಣ್ಣ ರಂಧ್ರಗಳಲ್ಲಿ ಕ್ಯಾಮೆರಾ ಮತ್ತು ಉಪಕರಣಗಳನ್ನು ಇಳಿಸಿ ತೆಗೆಯುವ ಕೆಲಸಕ್ಕೆ ಕೇರಳದಲ್ಲಿ ಧೈರ್ಯ ಮಾಡಿದ ಕೆಲವೇ ಶಸ್ತ್ರವೈದ್ಯರಲ್ಲಿ ಡಾ. ರತ್ನಾಕರ ಅವರೂ ಒಬ್ಬರು. ಕಾಸರಗೋಡಿನಲ್ಲಿ ಹುಟ್ಟಿ, ತಿರುವನಂತಪುರದಲ್ಲಿ ಓದಿ, ಅಲ್ಲಿಯೇ ಬಹುಕಾಲ ಸೇವೆ ಸಲ್ಲಿಸಿ, ಬಳಿಕ ಕೊಚ್ಚಿಗೆ ಬಂದ ಅವರು ಈ ವರ್ಷ ನಿವೃತ್ತರಾಗುತ್ತಿದ್ದಾರೆ. ಅವರ ವಿದ್ವತ್ತಿನ ಬಗ್ಗೆ ಬರೆಯಲು ಶಿಷ್ಯರಿದ್ದಾರೆ. ನಾನು ಅವರ ಒಬ್ಬ ರೋಗಿಯ ಹೆಂಡತಿ. ಆ ರೋಗಿ ಬದುಕಲಿಲ್ಲ. ಆದರೂ ನನ್ನಿಂದ ಬರೆಸಬೇಕೆಂದು, ನಡೆದದ್ದನ್ನು ನಡೆದಂತೆಯೇ ಬರೆಸಬೇಕೆಂದು ಈ ಅಭಿನಂದನ ಸಂಚಿಕೆಯ ಸಮಿತಿಗೆ ಹೇಳಿದವರು ಡಾಕ್ಟರೇ.

ನನ್ನ ಪತಿ ಆದರ್ಶ ತಿರುವನಂತಪುರದ ಬಾಹ್ಯಾಕಾಶ ಕೇಂದ್ರದಲ್ಲಿ ಎಂಜಿನಿಯರ್ ಆಗಿದ್ದರು. 2007ರಲ್ಲಿ ಗಡ್ಡೆ ಪತ್ತೆಯಾದಾಗ ಕೊಚ್ಚಿಗೆ ಬಂದು ಪಾಲಾರಿವಟ್ಟಂನಲ್ಲಿ ಕೋಣೆ ಹಿಡಿದೆವು. ಕನ್ನಡ ಕೇಳಿದ್ದೇ ಡಾಕ್ಟರ ಮುಖ ಅರಳಿತು. "ಮೈಸೂರಿನವರಾ? ಹಾಗಾದ್ರೆ ನನ್ನ ಕನ್ನಡ ಕೇಳಿ ನಗಾಡ್ಲಿಕ್ಕಿಲ್ಲ."

ವಿದೇಶದಲ್ಲಿ ರೋಬೋಟ್ ಈ ಕೆಲಸ ಮಾಡುತ್ತದೆಂದು ಆದರ್ಶ ಓದಿಕೊಂಡಿದ್ದರು. "ಇಲ್ಲಿಗೆ ಯಾವಾಗ ಬರುತ್ತೆ ಸಾರ್?"

"ಬರ್ತದೆ ಮಾರಾಯ್ರೆ. ಅದರ ಕೈ ನಡುಗುದಿಲ್ಲ. ಆದ್ರೆ ನಿಲ್ಲು ಅಂತ ಯಾರಾದ್ರೂ ಹೇಳ್ಬೇಕಲ್ಲ?"

"ನಮ್ಮ ರಾಕೆಟ್ಟಿಗೂ ಅಷ್ಟೇ ಸಾರ್. ನಿಲ್ಸೋಕೆ ಅಂತಲೇ ಒಬ್ಬನ್ನ ಕೂರಿಸಿರ್ತೀವಿ." ಇಬ್ಬರೂ ನಕ್ಕರು.

ಡಾಕ್ಟರದ್ದು ಒಂದು ಪದ್ಧತಿ. ರಂಧ್ರದ ಪ್ರತಿ ಶಸ್ತ್ರಕ್ರಿಯೆಯ ಚಿತ್ರೀಕರಣವನ್ನು ಮಾರನೆಯ ದಿನ ಮನೆಯವರಿಗೆ ತಮ್ಮ ಕೋಣೆಯಲ್ಲಿ ತೋರಿಸಿ, ಆ ಡಿಸ್ಕಿನ ಪ್ರತಿ ಕೊಡುತ್ತಿದ್ದರು. "ಸಾರ್ ಅವರ ಸಿನಿಮಾ ಮೋಳೆ, ಟಿಕೆಟ್ ಬೇಡ, ಕಣ್ಣು ಮುಚ್ಚದಿದ್ದರಾಯಿತು" ಎಂದು ದಾದಿ ಜುಬೈದಾ, ನನ್ನನ್ನು ಮಗಳೇ ಎಂದು ಕರೆದು, ಮಲಯಾಳದಲ್ಲಿ ತಮಾಷೆ ಮಾಡಿದ್ದರು.

ನಮಗೆ ಮಾರನೆಯ ದಿನ ಆ ಸಿನಿಮಾ ಇರಲಿಲ್ಲ. ರಂಧ್ರಗಳಿಂದ ತೊಡಗಿದ ಶಸ್ತ್ರಕ್ರಿಯೆ, ರಕ್ತನಾಳ ಹರಿದು, ಅವಸರದಲ್ಲಿ ಹೊಟ್ಟೆ ತೆರೆದು ಮುಗಿದಿತ್ತು. ಡಾಕ್ಟರ್ ಹಸಿರು ಬಟ್ಟೆಯಲ್ಲೇ ಬಂದು ನನ್ನ ಪಕ್ಕದ ಬೆಂಚಿನಲ್ಲಿ ಕುಳಿತು, ಬೇರೆಯವರಿಂದ ಹೇಳಿಸದೆ ತಾವೇ ಹೇಳಿದರು. ಆದರ್ಶರಿಗೆ ಎಚ್ಚರವಾಗಲಿಲ್ಲ. ವಾರದೊಳಗೆ ಹೋದರು.

ಕ್ರಿಯಾಕರ್ಮಗಳು ಮುಗಿದ ಮೇಲೆ ಡಾಕ್ಟರ ಫೋನ್ ಬಂತು. "ನಿಮಗೆ ತೋರಿಸುದು ಉಂಟು. ಬೇಡ ಅಂದ್ರೆ ಬೇಡ." ಹೋದೆ. ಜುಬೈದಾ ಚಹಾ ತಂದಿಟ್ಟು ನನ್ನ ಕೈ ಹಿಡಿದು ಕುಳಿತರು. ಪರದೆಯ ಮೇಲೆ ಒಂದು ಧಮನಿ ಮಿಡಿಯುತ್ತಿತ್ತು. ಡಾಕ್ಟರ್ ಚಿತ್ರವನ್ನು ನಿಲ್ಲಿಸಿದರು.

"ಇಲ್ಲಿ. ಗಡ್ಡೆ ನಾಳಕ್ಕೆ ಅಂಟಿದ್ದು ನನಗೆ ಕಂಡಿತ್ತು. ಇಲ್ಲೇ ನಿಲ್ಲಿಸಿ ಹೊಟ್ಟೆ ತೆರೀಬೇಕಿತ್ತು. ತೂತಿನಲ್ಲೇ ಮುಗಿಸ್ತೇನೆ ಅಂತ ಮುಂದೆ ಹೋದೆ."

"ತೆರೆದಿದ್ರೆ ಉಳೀತಿದ್ರಾ?"

"ಗೊತ್ತಿಲ್ಲಮ್ಮ. ಉಳೀಬಹುದಿತ್ತು."

ಡಿಸ್ಕ್ ತೆಗೆದು ನನ್ನ ಕೈಗಿತ್ತರು. "ಇದರ ಬೇರೆ ಪ್ರತಿ ಇಲ್ಲ. ಇನ್ನು ಈ ಕೆಲಸ ಮಾಡುದಿಲ್ಲ, ಕಲಿಸುದೂ ಇಲ್ಲ."

ತಿರುವನಂತಪುರದ ಮನೆಯಲ್ಲಿ ಅದನ್ನು ಆಗಾಗ ಹಾಕುತ್ತಿದ್ದೆ. ಅವರು ನಿಲ್ಲಿಸಿದ ಜಾಗದವರೆಗೆ ಮಾತ್ರ. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು.

ಡಾಕ್ಟರ್ ಮಾತಿಗೆ ತಪ್ಪಲಿಲ್ಲ. ಕಿರಿಯ ವೈದ್ಯರು ಈ ಶಸ್ತ್ರಕ್ರಿಯೆಗೆ ತಾವೇ ಹೋಗುತ್ತಿದ್ದಾರೆ, ಹಿಂದೆ ನಿಂತು ಹೇಳುವವರಿಲ್ಲ ಎಂದು ಜುಬೈದಾ ಒಮ್ಮೆ ಫೋನಿನಲ್ಲಿ ಹೇಳಿದರು. ಆ ಹುಡುಗರ ಮುಂದೆ ಮಲಗುವವರ ಮನೆಯವರೂ ಅದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಮರುವರ್ಷ ಕೊಚ್ಚಿಗೆ ಹೋಗಿ ಡಿಸ್ಕನ್ನು ಮೇಜಿನ ಮೇಲಿಟ್ಟೆ.

"ಕಲಿಸಿ ಸಾರ್. ಅಲ್ಲಿ ನಿಲ್ಲಿಸಿ ತೋರಿಸಿ."

ಅವರು ಡಿಸ್ಕನ್ನು ಕೈಗೆತ್ತಿಕೊಂಡರು. "ಆದರ್ಶರ ಹೆಸರು ಹೇಳ್ಲಾ?"

"ಹೇಳಿ."

ಈಗ ಹೊಸ ತಂಡಕ್ಕೆ ಅವರ ಮೊದಲ ಪಾಠ ಆ ಡಿಸ್ಕಿನದೇ. ಹೆಸರು ಹೇಳಿ, ಆ ಜಾಗದಲ್ಲಿ ಚಿತ್ರ ನಿಲ್ಲಿಸಿ, "ಈಗ ಎಂತ ಮಾಡ್ತೀರಿ?" ಎಂದು ಮಲಯಾಳದಲ್ಲಿ ಕೇಳುತ್ತಾರಂತೆ. ತೆರೆಯುತ್ತೇವೆ ಎಂದು ಯಾರಾದರೂ ಹೇಳುವವರೆಗೆ ಚಿತ್ರ ಮುಂದೆ ಹೋಗುವುದಿಲ್ಲ. ಅಂದು ಆ ಪ್ರಶ್ನೆ ಕೇಳುವವರು ಅವರ ಹಿಂದೆ ಇರಲಿಲ್ಲವಲ್ಲ ಎಂಬ ಕೊರಗು ನನಗೆ ಇದ್ದೇ ಇದೆ. ಅವರಿಗೂ ಇದೆ.

ನಿವೃತ್ತಿಯ ನಂತರವೂ ಪಾಠ ಮುಂದುವರಿಸುವುದಾಗಿ ಡಾಕ್ಟರ್ ಒಪ್ಪಿದ್ದಾರೆ. ಅವರಿಗೆ ಆರೋಗ್ಯವಿರಲಿ, ದೀರ್ಘಾಯುಷ್ಯವಿರಲಿ. ನಾಳೆ ರೋಬೋಟ್ ಬಂದಾಗ ಅದರ ಮುಂದೆ ಕೂರುವವರ ಬೆನ್ನ ಹಿಂದೆಯೂ ಅವರು ನಿಂತಿರಲಿ. ಪ್ರತಿ ವರ್ಷ ದೀಪ ಆರಿಸಿ ಆ ಡಿಸ್ಕ್ ಹಾಕಲಿ. ಅವರು ನಿಲ್ಲಿಸುವವರೆಗೆ ಆದರ್ಶರ ಧಮನಿ ಮಿಡಿಯುತ್ತಿರುತ್ತದೆ.