ಮನೋಳಿಯಲ್ಲಿ ಬೇಡವೆಂದ ಚಿಟಿಕೆ ಸಕ್ಕರೆ

ಕಳೆದ ಭಾನುವಾರ ಒಂದು ಚಿಟಿಕೆ ಸಕ್ಕರೆಯಿಂದ ಒಂದು ಮದುವೆ ಮುರಿಯುವುದರಲ್ಲಿತ್ತು. ಸಕ್ಕರೆ ಹೆಚ್ಚಾಗಿ ಅಲ್ಲ. ಒಬ್ಬ ದೊಡ್ಡ ಮನುಷ್ಯ ಅದನ್ನು ಬೇಡ ಎಂದಿದ್ದಕ್ಕೆ.

ಆ ದೊಡ್ಡ ಮನುಷ್ಯ ನಾನೇ.

ಹಿಂದಿನದು ನಿಮಗೆ ಗೊತ್ತೇ ಇದೆ. ಮೂರು ವಾರದ ಹಿಂದೆ ಪೇಪರಿನ ಇದೇ ಜಾಗದಲ್ಲಿ ಎದೆಯುಬ್ಬಿಸಿ ಬರೆದಿದ್ದೆ. ಬೈಲಹೊಂಗಲದ ಡಾಕ್ಟರು ನನ್ನ ರಕ್ತದ ರಿಪೋರ್ಟ್ ನೋಡಿ "ಗಡಿ ಮ್ಯಾಲೆ ನಿಂತೀರಿ, ಇನ್ನೊಂದ ಹೆಜ್ಜಿ ಇಟ್ರ ಆ ಕಡೆ" ಎಂದದ್ದು, ನಾನು ಅಂದೇ ಸಕ್ಕರೆ ಬಿಟ್ಟದ್ದು, ಐದನೇ ಇಯತ್ತೆಗೆ ಶಾಲೆಯನ್ನೇ ಬಿಟ್ಟವನಿಗೆ ಸಕ್ಕರೆ ಬಿಡುವುದು ಯಾವ ದೊಡ್ಡ ಮಾತು ಎಂದು ಮೀಸೆ ತಿರುವಿದ್ದು, ಎಲ್ಲ. (ಅದನ್ನು ಓದದವರು ಅದೃಷ್ಟವಂತರು.)

ಬರೆದದ್ದೇ ತಪ್ಪಾಯಿತು. ಅಂದಿನಿಂದ ಅರ್ಧ ಊರು ನನ್ನ ಚಹಾ ಕಾಯುವ ಕೆಲಸಕ್ಕೆ ಸೇರಿಕೊಂಡಿದೆ. ಸಂತೆಯಲ್ಲಿ ಕೇಳುತ್ತಾರೆ, ಬಸ್ ಸ್ಟ್ಯಾಂಡಿನಲ್ಲಿ ಕೇಳುತ್ತಾರೆ. ಸ್ಲ್ಯಾಬಿನ ಮೇಲೆ ನಿಂತಿದ್ದರೆ ರಸ್ತೆಯಿಂದಲೇ ಕೂಗುತ್ತಾರೆ. "ಏನ್ರಿ ಮಿಸ್ತ್ರಿ, ಇನ್ನೂ ಬಿಟ್ಟ ಅದೀರೋ, ಹೊಳ್ಳಿ ಹಚ್ಕೊಂಡ್ರೋ?" ದಾರೂ ಬಿಟ್ಟವನನ್ನೂ ನಮ್ಮಲ್ಲಿ ಇಷ್ಟು ಕಾಳಜಿಯಿಂದ ವಿಚಾರಿಸುವುದಿಲ್ಲ.

ನಾನು ಗೌಂಡಿ. ಮೂವತ್ತು ವರ್ಷದಿಂದ ಮನೆ ಕಟ್ಟುತ್ತಿದ್ದೇನೆ. ಸಿಮೆಂಟಿಗೆ ಉಸುಕು ಎಷ್ಟು ಬುಟ್ಟಿ ಎಂದು ಎಣಿಸಿ ಹಾಕಿಸುವವನು. ಒಂದು ಬುಟ್ಟಿ ಹೆಚ್ಚು ಬಿದ್ದರೆ ಕಲಸಿದ್ದನ್ನೆಲ್ಲ ಚೆಲ್ಲಿಸುತ್ತೇನೆ. ಅಂಥವನು ನನ್ನ ಹೊಟ್ಟೆಗೆ ಬೀಳುವ ಚಹಾದಲ್ಲಿ ಸಕ್ಕರೆ ಎಷ್ಟು ಎಂದು ಒಂದು ದಿನವೂ ಕೇಳಿರಲಿಲ್ಲ.

ಕೇಳಲು ಬಿಡುವವರು ಯಾರು? ಬುನಾದಿ ತೋಡಿದರೆ ಚಹಾ. ಚೌಕಟ್ಟು ನಿಲ್ಲಿಸಿದರೆ ಚಹಾ. ಸ್ಲ್ಯಾಬ್ ಬಿದ್ದರೆ ಚಹಾದ ಜೊತೆ ಪೇಢೆ. ಮಳೆ ಬಂದು ಕೆಲಸ ನಿಂತರೆ, ಕೆಲಸ ನಿಂತಿತಲ್ಲ ಎಂದು ಚಹಾ. ಎಲೆಪುಡಿಗಿಂತ ಮೊದಲು ಸಕ್ಕರೆ ಕುದಿಯುತ್ತಿರುತ್ತದೆ. ಬಾಯಿಗಿಟ್ಟರೆ ತುಟಿಗೆ ತುಟಿ ಅಂಟಬೇಕು, ಆಗ ಅದು ಚಹಾ. "ಸಕ್ಕರೆ ಇಲ್ಲದ್ದು ಕೊಡಿ" ಎಂದು ನೋಡಿ. ಮನೆಯೊಡತಿಯ ಮುಖ ಸಣ್ಣದಾಗುತ್ತದೆ. "ಯಾಕ್ರಿ ಮಿಸ್ತ್ರಿ, ನಮ್ಮನ್ಯಾಗ ಸಕ್ಕರಿಗೆ ಬರ ಬಂದೈತೇನ್ರಿ?" ಸುತ್ತ ಎಲ್ಲಿ ನೋಡಿದರೂ ಕಬ್ಬು ನಿಂತಿರುವ ಊರಿನಲ್ಲಿ ಸಕ್ಕರೆ ಬೇಡ ಎಂದವನು ಜಿಪುಣನೋ, ಸೊಕ್ಕಿನವನೋ, ಇಲ್ಲವೇ ಸಾಯಲು ಹೊರಟವನೋ ಆಗಿರಬೇಕು.

ಇನ್ನು ಕೆಲವರು ಬಹಳ ತಿಳಿದವರು. "ಸಕ್ಕರಿ ಬ್ಯಾಡಾದ್ರ ಬೆಲ್ಲ ಹಾಕ್ತೇನಿ ತಗೋರಿ. ಬೆಲ್ಲ ಏನೂ ಮಾಡೂದಿಲ್ಲ." ಏನೂ ಮಾಡುವುದಿಲ್ಲವಂತೆ! ಕಾವಿ ಉಟ್ಟ ಮಾತ್ರಕ್ಕೆ ಸಕ್ಕರೆ ಸನ್ಯಾಸಿ ಆಗಿಬಿಡುತ್ತದೆಯೇ?

ಇರಲಿ. ಮನೋಳಿಗೆ ಬರುತ್ತೇನೆ.

ನನ್ನ ಅಕ್ಕ ಶಾಂತವ್ವನಿಗೆ ಒಬ್ಬನೇ ಮಗ, ಮಂಜುನಾಥ. ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಸತ್ತ ಮೋಟರನ್ನೂ ಎಬ್ಬಿಸುವ ಕೈ. ಆದರೆ ಈಗ ಹೆಣ್ಣು ಹೆತ್ತವರು ಮೊದಲು ನೋಡುವುದು ಉಗುರು. ಉಗುರಿನಲ್ಲಿ ಗ್ರೀಸ್ ಇದ್ದರೆ ಮಾತು ಮುಗಿಯಿತು. ಆರು ಮನೆಯಲ್ಲಿ ಉಪ್ಪಿಟ್ಟು ತಿಂದು ಬಂದಿದ್ದ, ಆರು ಮನೆಯವರೂ "ಹೇಳಿ ಕಳಸ್ತೇವಿ" ಎಂದಿದ್ದರು. ಇನ್ನೂ ಕಳಿಸುತ್ತಲೇ ಇದ್ದಾರೆ. ವಯಸ್ಸು ಮೂವತ್ತೆರಡು ದಾಟಿತು. ಅಕ್ಕ ಮಾತಾಡುವುದನ್ನೇ ಕಡಿಮೆ ಮಾಡಿದಳು.

ಏಳನೆಯದು ಮನೋಳಿಯ ಫಕೀರಪ್ಪನವರ ಮಗಳು ರೇಣುಕಾ. ಹುಡುಗಿ ಒಪ್ಪಿದಳು. ನಮ್ಮವನಂತೂ ಆಕೆಯ ಫೋಟೊ ನೋಡುತ್ತ ನೋಡುತ್ತ ಒಬ್ಬರ ಮೋಟರಿನ ತಂತಿಯನ್ನು ಉಲ್ಟಾ ಸುತ್ತಿ ಬೈಸಿಕೊಂಡಿದ್ದ. ಉಳಿದದ್ದು ಹಿರಿಯರ ಮಾತು, ಆಮೇಲೆ ಸಕ್ಕರೆ.

ನಮ್ಮ ಕಡೆ ಮದುವೆ ಗಟ್ಟಿಯಾಗುವುದು ಸಕ್ಕರೆಯಿಂದ. ಮಾತು ಮುಗಿದ ಮೇಲೆ ಹೆಣ್ಣಿನವರು ತಟ್ಟೆಯಲ್ಲಿ ಸಕ್ಕರೆ ತರುತ್ತಾರೆ. ಗಂಡಿನ ಕಡೆಯ ಹಿರಿಯ ಮೊದಲು ಬಾಯಿಗೆ ಹಾಕಿಕೊಳ್ಳಬೇಕು. ಹಾಕಿಕೊಂಡರೆ ಒಪ್ಪಿದಂತೆ. ಇಲ್ಲವಾದರೆ ಎದ್ದು ಚಪ್ಪಲಿ ಹುಡುಕಿದಂತೆ. ಸಹಿ ಇಲ್ಲ, ಸ್ಟಾಂಪ್ ಪೇಪರ್ ಇಲ್ಲ. ನಮ್ಮ ಭಾವ ಈಗ ಇಲ್ಲ, ಹಾಗಾಗಿ ಆ ಹಿರಿಯನ ಜಾಗ ಸೋದರಮಾವನಾದ ನನ್ನದು.

ಬಾಡಿಗೆ ಗಾಡಿ ಮಾಡಿಕೊಂಡು ಹೊರಟೆವು. ಯರಗಟ್ಟಿಯಲ್ಲಿ ನಿಲ್ಲಿಸಿದಾಗ ಎಲ್ಲರೂ ಚಹಾ ಕುಡಿದರು. ನಾನು ಕುಡಿಯಲಿಲ್ಲ. ಗೋಧಿ ತೆನೆಯ ಚಿತ್ರವಿದ್ದ ಒಂದು ಬಿಸ್ಕಿಟ್ ಪುಡಿಕೆ, ಮಾವಿನ ಹಣ್ಣಿನ ಚಿತ್ರವಿದ್ದ ಒಂದು ರಸದ ಬಾಟಲಿ ತೆಗೆದುಕೊಂಡೆ. ಮೂರು ವಾರದಿಂದ ಚಹಾದ ಬದಲು ಅದೇ ನನ್ನ ವ್ರತದ ಆಹಾರ. ಗಾಡಿಯಲ್ಲಿ ಎಲ್ಲರಿಗೂ ಉಪದೇಶವನ್ನೂ ಮಾಡಿದೆ. "ನೋಡ್ರಿ, ಮನಸ್ಸ ಗಟ್ಟಿ ಬೇಕು. ಹಣ್ಣ ತಗೋರಿ, ಗೋಧಿ ತಗೋರಿ." ಅಕ್ಕ ಕಿಟಕಿಯಾಚೆ ನೋಡುತ್ತ ಕುಳಿತಿದ್ದಳು.

ಮನೋಳಿಯಲ್ಲಿ ಜಮಖಾನೆ ಹಾಸಿದ್ದರು. ಮಾತು ಸಲೀಸಾಗಿ ಮುಗಿಯಿತು. ಫಕೀರಪ್ಪನವರೇ ತಟ್ಟೆ ಹಿಡಿದು ಬಂದು ನನ್ನ ಮುಂದೆ ಬಗ್ಗಿದರು. "ತಗೋರಿ ಬೀಗರ, ಮೊದಲ ನೀವು."

ನಾನು ಅಂಗೈ ಅಡ್ಡ ಹಿಡಿದೆ. "ಕ್ಷಮಾ ಮಾಡ್ರಿ. ನಾ ಸಕ್ಕರಿ ಬಿಟ್ಟೇನಿ."

ಹೇಳಿ, ಹಾರ ಹಾಕಿಸಿಕೊಳ್ಳುವವನ ಹಾಗೆ ಸುತ್ತ ನೋಡಿದೆ.

ಯಾರೂ ಹಾರ ತರಲಿಲ್ಲ. ಒಳಗೆ ಅಡುಗೆಮನೆಯಲ್ಲಿ ಬಳೆಗಳ ಸಪ್ಪಳ ನಿಂತಿತು. ಫಕೀರಪ್ಪನವರು ಬಗ್ಗಿದವರು ಬಗ್ಗಿಯೇ ಇದ್ದರು, ತಟ್ಟೆ ಮಾತ್ರ ನಿಧಾನವಾಗಿ ಅವರ ಎದೆಯ ಕಡೆ ಹೋಯಿತು.

ಬಾಗಿಲ ಬಳಿ ಕುಳಿತಿದ್ದ ಹುಡುಗಿಯ ಅಜ್ಜಿ ಗಂಗವ್ವ ಬಾಯಿ ಬಿಟ್ಟಳು. "ಯಾಕೋ ತಮ್ಮಾ, ನಮ್ಮ ಹುಡುಗಿ ಮನಸಿಗೆ ಬರ್ಲಿಲ್ಲೇನು? ಹಂಗಿದ್ರ ನೆಟ್ಟಗ ಹೇಳಿ ಏಳು. ಸಕ್ಕರಿ ಮ್ಯಾಲೆ ಯಾಕ ಹಾಕ್ತಿ?"

"ಹಂಗಲ್ರೀ ಯವ್ವಾ! ಡಾಕ್ಟರು ಹೇಳ್ಯಾರ. ನಂದು ಶುಗರ್ ಗಡಿ ಮ್ಯಾಲೆ ಐತಿ ಅಂತ."

ಮೊದಲನೆಯದು ತಪ್ಪು. ಇದು ಮಹಾತಪ್ಪು. ಹುಡುಗಿಯ ಕಾಕಾ ಅಲ್ಲಿಯವರೆಗೆ ಗೋಡೆಗೆ ಒರಗಿದ್ದವನು ನೆಟ್ಟಗೆ ಕುಳಿತ. "ಹೌದೇನ್ರಿ? ನಿಮ್ಮ ಮನೆತನದಾಗ ಐತೇನ್ರಿ ಆ ಬ್ಯಾನಿ? ಅಕ್ಕಾರಿಗೂ ಐತೇನು? ಮತ್ತ ಹುಡುಗಗ ಮುಂದ ಹೆಂಗ?"

ನೋಡಿದಿರಾ ನನ್ನ ಪರಿಸ್ಥಿತಿ? ಕಾರಣ ಹೇಳದಿದ್ದರೆ ಹೆಣ್ಣಿಗೆ ಅವಮಾನ. ಹೇಳಿದರೆ ಗಂಡಿಗೆ ರೋಗ. ಮೂವತ್ತು ವರ್ಷದಲ್ಲಿ ನಾನು ಕಟ್ಟಿದ ಒಂದು ಗೋಡೆಯೂ ಬಿದ್ದಿಲ್ಲ. ಅಕ್ಕನ ಮನೆ ಮಾತ್ರ ನನ್ನ ಎರಡೇ ಮಾತಿಗೆ ಬಿರುಕು ಬಿಡುತ್ತಿತ್ತು. ಮಂಜುನಾಥ ಉಗುರು ನೋಡಿಕೊಳ್ಳುತ್ತಿದ್ದ. ಬೆಳಿಗ್ಗೆ ಸೀಮೆಎಣ್ಣೆಯಲ್ಲಿ ಉಜ್ಜಿ ಉಜ್ಜಿ ತೊಳೆದ ಉಗುರು.

ಅಕ್ಕ ನನ್ನ ಪಕ್ಕೆ ಚಿವುಟಿದಳು. "ಒಂದ ಚಿಟಿಕಿ ತಿಂದ್ರ ಸಾಯ್ತಿಯೇನೋ? ನಿನ್ನ ಪೇಪರ್ ಓದವ್ರು ಇಲ್ಲಿ ಯಾರ್ ಅದಾರ ನೋಡಾಕ?"

ಯಾರೂ ಇರಲಿಲ್ಲ, ನಿಜ. ಆದರೆ ನನ್ನ ಕಣ್ಣಿಗೆ ನೀವೆಲ್ಲ ಸಾಲಾಗಿ ಕಾಣುತ್ತಿದ್ದಿರಿ. ಸಂತೆಯವರು, ಬಸ್ ಸ್ಟ್ಯಾಂಡಿನವರು, ರಸ್ತೆಯಿಂದ ಕೂಗುವವರು. ಅಭಿಮಾನ ಎಂಬುದು ಎಂಥ ಕೆಟ್ಟ ವಸ್ತು ನೋಡಿ, ಅಳಿಯನ ಬಾಳಿಗಿಂತ ಅದೇ ದೊಡ್ಡದಾಗಿ ಕುಳಿತಿತ್ತು. ನನ್ನ ಕೈ ಮುಂದೆ ಹೋಗಲಿಲ್ಲ.

ಮುಂದೆ ಬಂದದ್ದು ಗಂಗವ್ವಜ್ಜಿಯ ಎಲೆಅಡಿಕೆ ಚೀಲ. ಅದರೊಳಗೆ ಕೈ ಹಾಕಿ ಒಂದು ಗುಳಿಗೆಯ ಪಟ್ಟಿ ತೆಗೆದು ಜಮಖಾನೆಯ ಮೇಲೆ ಎಸೆದಳು. ಕಿರಿಯ ಮಗನ, ಅಂದರೆ ಆ ಕಾಕಾನ ಕಡೆ ತಿರುಗಿದಳು. "ಮಂದಿ ಮನ್ಯಾಗ ಐತೇನು ಅಂತ ಕೇಳ್ತಿಯಲ್ಲೋ, ಇದೇನು ಪೇಪರಮಿಂಟೇನು? ನಂದು ಚೀಲದಾಗ, ನಿಮ್ಮಣ್ಣಂದು ದೇವರ ಗೂಡಿನಾಗ. ನಿಂದು ಎಲ್ಲೈತಿ ಹೇಳು. ಕಿಸೇದಾಗ ಐತೋ, ಮನ್ಯಾಗ ಬಿಟ್ಟ ಬಂದಿಯೋ?"

ಫಕೀರಪ್ಪನವರು ಕೆಮ್ಮಿದರು. "ಅವ್ವಾ, ಸುಮ್ಮನಿರಬೇ..."

"ಯಾಕ ಸುಮ್ಮನಿರ್ಲಿ? ಹುಡುಗಿ ಕೊಡೂದಿದ್ರ ಖರೇ ಹೇಳಿ ಕೊಡೂಣು. ಮುಚ್ಚಿಟ್ಟ ಯಾಕ ಕೊಡಬೇಕು?"

ಕಾಕಾನ ಕೈ ತನ್ನಷ್ಟಕ್ಕೇ ಅಂಗಿಯ ಕಿಸೆ ಮುಟ್ಟಿತು. ಆಮೇಲೆ ಏನಾಯಿತು ಎಂದರೆ, ನಮ್ಮ ಕಡೆಯಿಂದ ಬಂದಿದ್ದ ಓಣಿಯ ಹಿರಿಯರು ಗಂಟಲು ಸರಿಮಾಡಿಕೊಂಡು "ನನಗೂ ಐದ ವರ್ಷ ಆತ್ರಿ" ಎಂದರು. ಮೂಲೆಯಲ್ಲಿದ್ದ ಪೂಜಾರಿಗಳು "ನಂದು ಮುಂಜಾನಿ ಒಂದು, ಸಂಜಿಗೊಂದು" ಎಂದರು. ನೋಡುತ್ತ ನೋಡುತ್ತ ಕಿಸೆಕಿಸೆಯಿಂದ ಪಟ್ಟಿಗಳು ಬಂದವು. ನನ್ನದು ದೊಡ್ಡದು, ನಿನ್ನದು ಬಿಳಿಯದು ಎಂದು ಹೋಲಿಸಿಕೊಂಡರು. ಎಲ್ಲರೂ ಮುಚ್ಚಿಟ್ಟುಕೊಂಡು, ಎಲ್ಲರೂ ದಿನವೂ ಸಿಹಿ ಚಹಾ ಕುಡಿದು, ಎಲ್ಲರೂ ನಡುವೆ ಸಕ್ಕರೆಯ ತಟ್ಟೆ ಇಟ್ಟುಕೊಂಡು ಕುಳಿತಿದ್ದರು. ರೋಗ ಹೇಳಲು ನಾಚಿಕೆ. ಚಹಾ ಬೇಡ ಎನ್ನಲು ಅದಕ್ಕಿಂತ ನಾಚಿಕೆ.

ಅಜ್ಜಿ ಕುಳಿತಲ್ಲಿಂದಲೇ ಸರಿದು ಬಂದಳು. ತಟ್ಟೆಯಿಂದ ನಾಲ್ಕು ಕಾಳು ಎತ್ತಿದಳು. "ಬಾಯಿ ತಗಿಯೋ ತಮ್ಮಾ. ನೀ ಚಹಾದಾಗಿಂದು ಬಿಡು, ಶಿರಾದಾಗಿಂದು ಬಿಡು, ನಾನೂ ಬಿಡ್ತೇನಿ. ಇದು ಹೊಟ್ಟಿಗಲ್ಲ, ಮಾತಿಗೆ."

ಬಾಯಿ ತೆರೆದೆ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. (ಸೆಖೆ ಇತ್ತು ಎಂದು ಆಮೇಲೆ ಹೇಳಿದಳು.)

ಹೀಗೆ ನನ್ನ ಮೂರು ವಾರದ ವ್ರತ ಮುರಿಯಿತು. ಕೂಗುವವರು ಈಗ ಕೂಗಬಹುದು.

ಸ್ವಲ್ಪ ಹೊತ್ತಿಗೆ ರೇಣುಕಾ ಚಹಾ ತಂದಳು. ಎಲ್ಲರಿಗೂ ಪಿಂಗಾಣಿ ಕಪ್, ನನ್ನದೊಂದು ಸ್ಟೀಲಿನ ಲೋಟ. "ಮಾಮಾರ, ಇದು ನಿಮ್ದು. ಸಕ್ಕರಿ ಹಾಕಿಲ್ಲ." ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಫಕೀರಪ್ಪನವರು ಕಪ್ಪನ್ನು ಹಿಂದೆ ಸರಿಸಿ "ನನಗೂ ಅದನ್ನ ಕೊಡವಾ" ಎಂದರು. ಕಾಕಾನೂ ಕೇಳಿದ. ಪೂಜಾರಿಗಳೂ ಕೇಳಿದರು. ಎಲ್ಲರೂ ಬೇವಿನ ಕಷಾಯ ಕುಡಿದವರ ಮುಖ ಮಾಡಿಕೊಂಡು ಕುಡಿದರು, "ಛಲೋ ಆಗೈತಿ" ಎಂದು ಹೊಗಳಿದರು. ಒಬ್ಬರೂ ಸಾಯಲಿಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ನನ್ನ ಮರ್ಯಾದೆ ಅರ್ಧವಾದರೂ ಉಳಿಯುತ್ತಿತ್ತು.

ವಾಪಸು ಬರುವಾಗ ಮಂಜುನಾಥ ಖುಷಿಯಲ್ಲಿದ್ದ. ಖುಷಿಯಲ್ಲಿರುವವರು ಸುಮ್ಮನೆ ಕೂರುವುದಿಲ್ಲ. ಕಾಲಡಿ ಉರುಳುತ್ತಿದ್ದ ನನ್ನ ಖಾಲಿ ಬಾಟಲಿ ಎತ್ತಿಕೊಂಡು ಹಿಂದಿನ ಸಣ್ಣ ಇಂಗ್ಲಿಷ್ ಅಕ್ಷರ ಓದತೊಡಗಿದ. "ಮಾಮಾ, ಹೆಚ್ಚಿಗಿ ಯಾವದ್ ಇರ್ತೈತಿ ಅದನ್ನ ಮೊದಲ ಬರೀತಾರ. ಇದರಾಗ ಮೊದಲ ನೀರು. ಆಮ್ಯಾಲೆ ಸಕ್ಕರಿ. ಮಾವಿನಹಣ್ಣ ಮೂರನೇದು ನೋಡ್ರಿ." ಬಿಸ್ಕಿಟ್ ಪುಡಿಕೆ ತಿರುಗಿಸಿದ. "ಇದರಾಗ ಸಕ್ಕರಿ ಒಮ್ಮೆ ಸಕ್ಕರಿ ಅಂತ ಐತಿ, ಇನ್ನೊಮ್ಮೆ ಪಾಕ ಅಂತ ಐತಿ."

ಅಕ್ಕನ ಬಾಯಿ ಬಿಚ್ಚಿತು. "ಬೀಗರ ಮುಂದ ನನ್ನ ಜೀವಾ ತಗದ್ಯಲ್ಲೋ ಪುಣ್ಯಾತ್ಮಾ! ಅಲ್ಲಿ ನಾಕ ಕಾಳ ಬ್ಯಾಡ ಅಂದಿ. ಇಲ್ಲಿ ಬಾಟ್ಲಿಗಟ್ಲೆ ಕುಡದಿ!"

ಒಪ್ಪಿಕೊಂಡೆ. ಸಣ್ಣ ಇಂಗ್ಲಿಷ್ ಓದುವಷ್ಟು ನಾನು ಶಾಲೆ ಕಲಿತಿಲ್ಲ. ಆದರೆ ಒಂದು ಮಾತು ಕೇಳುತ್ತೇನೆ. ಸಿಮೆಂಟಿನ ಚೀಲದ ಮೇಲೆ ಗ್ರೇಡ್ ಅಂಗೈ ಅಗಲದ ಅಕ್ಷರದಲ್ಲಿ ಇರುತ್ತದೆ. ಗೋಡೆಗೆ ಹೋಗುವುದಕ್ಕೆ ಅಷ್ಟು ದೊಡ್ಡ ಅಕ್ಷರ. ನಮ್ಮ ಮಕ್ಕಳ ಬಾಯಿಗೆ ಹೋಗುವುದಕ್ಕೆ ಇರುವೆಯ ಕಾಲಿನಷ್ಟು ಅಕ್ಷರ. ಹಣ್ಣಿನ ಚಿತ್ರ ಮಾತ್ರ ಹಣ್ಣಿಗಿಂತ ದೊಡ್ಡದು. ಐದನೇ ಇಯತ್ತೆಯವನಿಗೆ ಚಿತ್ರ ಸಾಕು ಎಂದು ಅವರಿಗೆ ಚೆನ್ನಾಗಿ ಗೊತ್ತಿದೆ.

ಸೋಮವಾರ ಮತ್ತೆ ರಕ್ತ ಕೊಡಬೇಕು. ರಿಪೋರ್ಟ್ ಕೆಟ್ಟು ಬಂದರೆ ಎಲ್ಲರೂ ಮನೋಳಿಯ ಕಡೆಗೇ ಬೆರಳು ತೋರಿಸುತ್ತಾರೆ, ನೋಡುತ್ತಿರಿ. ಆದರೆ ಮನೋಳಿಯವರು ನಾಲ್ಕು ಕಾಳು ಕೊಡುವುದಕ್ಕೂ ಹತ್ತು ಜನರೆದುರು ನನ್ನನ್ನು ಕೇಳಿದರು. ಮೂರು ವಾರ ದಿನವೂ ನನ್ನ ಬಾಯಿಗೆ ಸುರಿದ ಈ ಬಾಟಲಿ, ಒಂದು ಸಲವಾದರೂ ಕೇಳಿತೇ?