ಕೊತ್ತತ್ತಿಯ ಫ್ಲೆಕ್ಸಿನಲ್ಲಿ ಒಂದು ಸೋಲು

ಕಳೆದ ಶನಿವಾರ ಬೆಳಿಗ್ಗೆ ಏಳಕ್ಕೆ ಕೊತ್ತತ್ತಿಯಿಂದ ಫೋನು. ಪುಟ್ಟಸ್ವಾಮಿ ಮಾವ. ಹಲೋ ಇಲ್ಲ, ಕಾಫಿ ಆಯ್ತಾ ಇಲ್ಲ.

"ಲೇ, ಆ ಫ್ಲೆಕ್ಸಿಗೆ ಬರ್ಕೊಟ್ಟೋನು ನೀನೇಯೇನ್ಲಾ?"

ನಾನೇ ಮಾವ, ಅಂದೆ. ಹೊಗಳುತ್ತಾನೆ ಅಂದುಕೊಂಡು ಸ್ವಲ್ಪ ನಾಚಿಕೊಂಡೇ ಅಂದೆ. ಸಾಯಂಕಾಲದೊಳಗೆ ಅದನ್ನು ಇಳಿಸದಿದ್ದರೆ ನಾಳೆ ಸನ್ಮಾನಕ್ಕೆ ಬರುವುದಿಲ್ಲ, ಶಾಲನ್ನು ನೀನೇ ಹೊದ್ದುಕೋ ಎಂದು ಫೋನಿಟ್ಟ. (ಏಕವಚನಕ್ಕೆ ಮುನಿಯಬೇಡಿ. ನಮ್ಮ ಮಂಡ್ಯದ ಕಡೆ ಸೋದರಮಾವನಿಗೆ ಬಹುವಚನ ಹಚ್ಚಿದರೆ ಆಸ್ತಿ ಜಗಳ ಶುರುವಾಗಿದೆ ಎಂದೇ ಅರ್ಥ.)

ಮಾವ ಮಿಲಿಟರಿಯಲ್ಲಿದ್ದವನು. ಬಾಕ್ಸಿಂಗ್ ಕಲಿತದ್ದು ಅಲ್ಲೇ. ಒಂದು ಸಲ, ಒಂದೇ ಒಂದು ಸಲ, ಆಗಿನ ರಾಷ್ಟ್ರೀಯ ಚಾಂಪಿಯನ್ ಎದುರು ರಿಂಗಿಗೆ ಇಳಿದಿದ್ದ. ಆ ಚಾಂಪಿಯನ್ನಿನ ಫಾರ್ಮು ಆಗ ಅಂತಿಂಥದ್ದಲ್ಲ. ವರ್ಷಗಟ್ಟಲೆ ಯಾರ ಕೈಲೂ ಸೋತಿರಲಿಲ್ಲ. ಆಮೇಲೆ ಮಾವ ಊರಿಗೆ ಬಂದು ಭತ್ತ, ಕಬ್ಬು ನೋಡಿಕೊಂಡು ಇದ್ದುಬಿಟ್ಟ. ಈಗ ಊರಿನ ಯುವಕರು ಒಂದು ಜಿಮ್ ಮಾಡಿದ್ದಾರೆ. ಭಾನುವಾರ ಅದರ ಉದ್ಘಾಟನೆ ಮಾವನ ಕೈಯಿಂದ, ಜೊತೆಗೆ ಮಾವನಿಗೆ ಸನ್ಮಾನ.

ಸನ್ಮಾನ ಅಂದಮೇಲೆ ಫ್ಲೆಕ್ಸ್ ಬೇಡವೇ? ನಮ್ಮಲ್ಲಿ ಮಗುವಿಗೆ ಹೆಸರಿಟ್ಟರೂ ಫ್ಲೆಕ್ಸ್, ಜೋಡಿ ಎತ್ತು ತಂದರೂ ಫ್ಲೆಕ್ಸ್. ನಡುವೆ ಸನ್ಮಾನಿತರು, ಕೆಳಗೆ ಶುಭ ಕೋರುವವರ ಮೂವತ್ತು ಮುಖಗಳು, ಮೂವತ್ತಕ್ಕೂ ಕೂಲಿಂಗ್ ಗ್ಲಾಸು. ಪತ್ರಿಕೆಗೆ ಬರೆಯೋನು ಅಂತ ಒಕ್ಕಣೆಯನ್ನು ನನಗೆ ವಹಿಸಿದ್ದರು. ನಾನು ಬರೆದುಕೊಟ್ಟೆ: 'ರಾಷ್ಟ್ರೀಯ ಚಾಂಪಿಯನ್ನನ್ನೇ ಮಣ್ಣು ಮುಕ್ಕಿಸಿದ ಕೊತ್ತತ್ತಿಯ ಹುಲಿ!'

ಮಾವ ಗೆದ್ದಿರಲಿಲ್ಲ. ನನಗದು ಗೊತ್ತಿತ್ತು. ಆದರೆ ಫ್ಲೆಕ್ಸಿನಲ್ಲಿ ನಿಜ ಹುಡುಕುವವರು ಯಾರಿದ್ದಾರೆ ಹೇಳಿ?

ಬೈಕ್ ಹತ್ತಿ ಹೋದೆ. ಮಾವ ಜಗಲಿಯ ಮೇಲೆ ಕೂತು ಕುಡುಗೋಲು ಮಸೆಯುತ್ತಿದ್ದ. (ಇಂಥ ಹೊತ್ತಲ್ಲೇ ಅದನ್ನು ಮಸೆಯಬೇಕಿತ್ತೇ?) ರಿಂಗಿನೊಳಗೆ ಮಣ್ಣು ಎಲ್ಲಿಂದ ಬಂತು ಅಂತ ಮೊದಲು ಕೇಳಿದ. ನಾನು ನಕ್ಕೆ. ಅವನು ನಗಲಿಲ್ಲ.

ನಿನಗೆ ಮರ್ಯಾದೆ ಬರಲಿ ಅಂತ ಬರೆದೆ ಮಾವ, ಅಂದೆ. ಯಾರು ಹೋಗಿ ಚೆಕ್ ಮಾಡುತ್ತಾರೆ, ಅಂತಲೂ ಅಂದೆ. ಆಗ ಕುಡುಗೋಲು ಪಕ್ಕಕ್ಕಿಟ್ಟು ಆ ದಿನದ ಕತೆ ಹೇಳಿದ. ಇಷ್ಟು ವರ್ಷದಲ್ಲಿ ನಾನದನ್ನು ಪೂರ್ತಿ ಕೇಳಿದ್ದು ಅವತ್ತೇ.

ಮೊದಲ ರೌಂಡಿನಲ್ಲಿ ಚಾಂಪಿಯನ್ ಎರಡೂ ಕೈ ಸೊಂಟದ ಹತ್ತಿರ ಇಳಿಬಿಟ್ಟುಕೊಂಡು ಆಡಿದನಂತೆ. ಮುಖಕ್ಕೆ ಗಾರ್ಡೇ ಇಲ್ಲ. ಇವನ ಏಟು ನನ್ನ ಹತ್ತಿರವೂ ಸುಳಿಯುವುದಿಲ್ಲ ಅನ್ನುವ ಧೈರ್ಯ. ಮಾವನ ಏಟುಗಳು ಗಾಳಿಗೆ ಬಿದ್ದವು. ಎರಡನೇ ರೌಂಡಿನಲ್ಲಿ ಮಾವನೇ ಬಿದ್ದ. ರೆಫರಿ ಎಂಟು ಎಣಿಸುವಷ್ಟರಲ್ಲಿ ಎದ್ದ. ಮೂರನೆಯದರಲ್ಲಿ ಮಾವನ ಎಡಗೈ ಒಂದೇ ಒಂದು ಸಲ ಸರಿಯಾಗಿ ಕೂತಿತು, ಪಕ್ಕೆಗೆ. ಚಾಂಪಿಯನ್ ಒಂದು ಹೆಜ್ಜೆ ಹಿಂದೆ ಸರಿದ. ಮಾವನನ್ನು ದಿಟ್ಟಿಸಿ ನೋಡಿದ. ಆಮೇಲೆ ಎರಡೂ ಕೈ ಎತ್ತಿ ಮುಖಕ್ಕೆ ಅಡ್ಡ ಹಿಡಿದುಕೊಂಡ. ಗಂಟೆ ಹೊಡೆಯುವ ತನಕ ಇಳಿಸಲಿಲ್ಲ. ಪಾಯಿಂಟಿನ ಮೇಲೆ ಮಾವ ಸೋತ.

"ಅವ್ನು ಕೈ ಎತ್ತೋ ಅಂಗೆ ಮಾಡ್ದೆ ಕಣ್ಲಾ. ಅದು ನಂದು. ಈಗ ನಾನು ಗೆದ್ದೆ ಅಂತ ನೀನ್ ಬರುದ್ರೆ ಅವ್ನು ಸಣ್ಣೋನಾಯ್ತಾನೆ. ಅವ್ನು ಸಣ್ಣೋನಾದ್ರೆ ನಾನು ನಿಂತಿದ್ದು ಯಾರ್ ಮುಂದೆ?"

ಮರ್ಯಾದೆ ಕೊಡುತ್ತೇನೆಂದು ಹೊರಟವನು, ಆ ಮನುಷ್ಯ ಇಷ್ಟು ವರ್ಷ ಜೋಪಾನ ಮಾಡಿಕೊಂಡ ಒಂದೇ ಆಸ್ತಿಗೆ ಕೈ ಹಾಕಿದ್ದೆ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಸೋತೆ ಅಂತಲೇ ಬರೆದು ಹೊಸ ಫ್ಲೆಕ್ಸ್ ಹಾಕಿಸು ಅಂದ ಮಾವ. ಜಿಮ್ಮಿನ ಯುವಕರನ್ನು ಇದಕ್ಕೆ ಒಪ್ಪಿಸುವುದು ಮಾತ್ರ ಸುಲಭವಿರಲಿಲ್ಲ. ಅವರ ಲೀಡರ್ ಮಂಜು ತಲೆ ಮೇಲೆ ಕೈ ಹೊತ್ತ. 'ಸೋತ' ಅನ್ನುವ ಪದದ ಕೆಳಗೆ ನಮ್ಮ ಮೂವತ್ತು ಜನರ ಫೋಟೋನಾ, ಪಕ್ಕದೂರಿನವರು ಏನಂದುಕೊಳ್ಳುತ್ತಾರೆ ಎಂದು ಕೇಳಿದ. ಸೋಲಿನ ಸುದ್ದಿಯನ್ನೇ ಹಾಕಬೇಡಿ, ಬರೀ 'ಬಾಕ್ಸರ್' ಅಂತ ಹಾಕೋಣ ಅಂತ ರಾಜಿಗೆ ಬಂದ. ಮಾವ ಒಪ್ಪಲಿಲ್ಲ. ಊರಿಗೆಲ್ಲ ಗೆದ್ದೆ ಅಂತ ಸಾರಿ ಆಗಿದೆ, ಈಗ ಬಾಯಿ ಮುಚ್ಚಿಕೊಂಡರೆ ಸುಳ್ಳೇ ಉಳಿಯುತ್ತದೆ ಅಂದ. ಕೊನೆಗೆ ಮಂಡ್ಯದ ಫ್ಲೆಕ್ಸ್ ಅಂಗಡಿಗೆ ಹೊಸ ಒಕ್ಕಣೆ ಕಳಿಸಿದೆ. ಅಂಗಡಿಯವನು ಎರಡು ಸಲ ಫೋನ್ ಮಾಡಿದ. ಸಾರ್, ಸೋತ ಅಂತಾನೇ ಪ್ರಿಂಟ್ ಆಗಬೇಕಾ, ಆಮೇಲೆ ನನ್ನನ್ನು ಬೈಯಬಾರದು ಅಂದ.

ಭಾನುವಾರ ಬೆಳಿಗ್ಗೆ ಜಿಮ್ ಮುಂದೆ ಹೊಸ ಫ್ಲೆಕ್ಸ್: 'ರಾಷ್ಟ್ರೀಯ ಚಾಂಪಿಯನ್ ಎದುರು ಮೂರು ರೌಂಡು ನಿಂತು ಸೋತ ನಮ್ಮ ಪುಟ್ಟಸ್ವಾಮಣ್ಣ'. ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಅದರ ಕೆಳಗೇ ಬಂದು ನಿಂತ. ಓದಿದವರು ಮುಸಿಮುಸಿ ನಕ್ಕರು. ಶಾಲು ಹೊದಿಸುವಾಗ ಹಿಂದಿನ ಸಾಲಿನಿಂದ ಒಬ್ಬ, ಸೋತದ್ದಕ್ಕೂ ಸನ್ಮಾನವೇ ಎಂದು ಎಲ್ಲರಿಗೂ ಕೇಳುವಂತೆಯೇ ಅಂದ. ಎಲ್ಲರೂ ಜೋರಾಗಿ ನಕ್ಕರು. ಮಾವನಿಗೆ ಏನೂ ಆಗಲಿಲ್ಲ. ಮೈಕಿನ ಹತ್ತಿರ ಬಾಗಿದ.

"ನನ್ಗಿಂತ ಮುಂಚೆ ಇಬ್ರು ಅವನ್ ಮೇಲೆ ಆಡ್ಬೇಕಿತ್ತು. ಒಟ್ಟೆನೋವು ಅಂತ ಚೀಟಿ ಬರ್ಕೊಟ್ಟು ಮನಿಕ್ಕಂಡ್ರು. ಅವ್ರು ಸೋತಿಲ್ಲ ಕಣ್ಲಾ. ಇವತ್ಗೂ ಸೋತಿಲ್ಲ."

ನಗು ನಿಂತಿತು. ಮೊದಲು ಚಪ್ಪಾಳೆ ತಟ್ಟಿದವನು ಮಂಜು.

ನಾನೂ ತಟ್ಟಿದೆ, ಆದರೆ ಕೈ ಸ್ವಲ್ಪ ಮೆತ್ತಗಿತ್ತು. ಯಾಕೆಂದರೆ ಕಾಲೇಜಿನ ದಿನಗಳಲ್ಲಿ ಮದ್ದೂರಿನ ಒಂದು ಚರ್ಚಾಸ್ಪರ್ಧೆಗೆ ಹೆಸರು ಕೊಟ್ಟಿದ್ದೆ. ಆ ವರ್ಷ ಹೋದಲ್ಲೆಲ್ಲ ಗೆಲ್ಲುತ್ತಿದ್ದ ಒಬ್ಬ ಹುಡುಗಿಯೂ ಬರುತ್ತಾಳೆಂದು ಗೊತ್ತಾಯಿತು. ಬೆಳಗಾಗುವಷ್ಟರಲ್ಲಿ ನನ್ನ ಗಂಟಲು ಕಟ್ಟಿತ್ತು. (ಮಧ್ಯಾಹ್ನ ಬಿರಿಯಾನಿ ಮಾತ್ರ ಸಲೀಸಾಗಿ ಇಳಿಯಿತು.) ಮುಂದಿನ ತಿಂಗಳು ಮಳವಳ್ಳಿಯಲ್ಲಿ ಗೆದ್ದೆ. ಅಲ್ಲಿ ಇದ್ದವರು ಮೂವರು, ಅದರಲ್ಲೊಬ್ಬ ಮಧ್ಯದಲ್ಲಿ ಮಾತು ಮರೆತ. ಆ ಕಪ್ಪನ್ನು ಮನೆಗೆ ಬಂದವರಿಗೆಲ್ಲ ಈಗಲೂ ತೋರಿಸುತ್ತೇನೆ.

ನಾವು ಹೀಗೆಯೇ ಅಲ್ಲವೇ? ಗೆಲ್ಲುವ ಕಡೆ ಹುಡುಕಿಕೊಂಡು ಹೋಗಿ ಗೆದ್ದು ಬರುತ್ತೇವೆ. ಮಕ್ಕಳಿಗೂ ಅದನ್ನೇ ಕಲಿಸುತ್ತೇವೆ. ಮಾವನ ಹತ್ತಿರ ಕಪ್ಪಿಲ್ಲ, ಮೆಡಲಿಲ್ಲ. ಆದರೂ ಅವತ್ತು ಆ ಶಾಲು ಅವನ ಹೆಗಲಿಗೆ ಒಪ್ಪಿದಷ್ಟು ಚೆನ್ನಾಗಿ ಯಾರ ಹೆಗಲಿಗೂ ಒಪ್ಪಿದ್ದನ್ನು ನಾನು ಕಂಡಿಲ್ಲ.

ಗೆದ್ದದ್ದೆಲ್ಲ ಇರಲಿ. ನೀವು ಸೋತದ್ದು ಯಾರ ಎದುರು?